ಕೆಂಪು ಗಾಜಿನ ಫ್ಲ್ಯಾಶ್

ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಇಪ್ಪತ್ತು ವರ್ಷ ಮದುವೆ ಮನೆಗಳಲ್ಲಿ ಜನರ ಮುಖದ ಮೇಲೆ ಬೆಳಕು ಚೆಲ್ಲಿ ಚೆಲ್ಲಿ ಅವನು ಎಲ್ಲರ ಬಾಯಲ್ಲಿ ಮಿಂಚಣ್ಣನಾಗಿದ್ದ. ಹೆಂಡತಿಯ ತವರಿನವರೂ ಹಾಗೇ ಕರೆಯುತ್ತಿದ್ದರು. ಮುಖ್ಯರಸ್ತೆಯಿಂದ ಒಳಕ್ಕೆ ತಿರುಗುವ ಓಣಿಯಲ್ಲಿ ಅವನ ಅಂಗಡಿ: ಎರಡು ಕುರ್ಚಿ, ಒಂದು ನೀಲಿ ಪರದೆ, ತಲೆ ಬಾಚಿಕೊಳ್ಳಲು ಕನ್ನಡಿ. ಹಲಗೆಯ ತಡಿಕೆಯಾಚೆ ಹೆಂಡತಿಯ ಕಂಪ್ಯೂಟರು. ಅವನು ತೆಗೆದು ತಂದದ್ದನ್ನು ಆರಿಸಿ, ತಿದ್ದಿ, ಆಲ್ಬಮ್ಮಿಗೆ ಜೋಡಿಸುವವಳು ಅವಳು. “ನೀವು ಬಟ್ಟೆ ತರ್ತೀರಿ, ಅಂಗಿ ಹೊಲಿಯೋಳು ನಾನು” ಎಂದು ಗಿರಾಕಿಗಳೆದುರೇ ಹೇಳುತ್ತಿದ್ದಳು. ಅವನೂ ನಗುತ್ತಿದ್ದ. ಅಂಗಡಿಯ ಹಿಂದೆ ಮನೆ, ಮನೆಯಲ್ಲಿ ಹತ್ತು ವರ್ಷದ ಮಗಳು. ಹೊಟ್ಟೆಬಟ್ಟೆಗೆ ತೊಂದರೆಯಿರಲಿಲ್ಲ. ಕೈ ಮಿಗುವಷ್ಟೂ ಇರಲಿಲ್ಲ.

ಆ ಭಾನುವಾರ ನಿವೃತ್ತ ನೌಕರರ ಸಂಘದ ಸಮಾರಂಭವಿತ್ತು. ನೆಲಮಾಳಿಗೆಯ ಸಭಾಂಗಣ, ಕಿಟಕಿ ಎಂಬುದೇ ಇಲ್ಲ. ದೀಪ ತಗ್ಗಿಸಿ ಪರದೆಯ ಮೇಲೆ ಹಳೆಯ ಚಿತ್ರಗಳನ್ನು ತೋರಿಸುತ್ತಿದ್ದರು. ವೇದಿಕೆಯ ಪಕ್ಕದಿಂದ ಇಳಿಯುವ ಮೆಟ್ಟಿಲು ಎರಡೇ ಎಂದುಕೊಂಡು ಮಿಂಚಣ್ಣ ಕಾಲಿಟ್ಟ. ಮೂರಿದ್ದವು. ಎದೆಗವಚಿಕೊಂಡ ಕ್ಯಾಮೆರಾ ಉಳಿಯಿತು. ಅದರ ನೆತ್ತಿಯ ಮೇಲಿದ್ದ ಫ್ಲ್ಯಾಶು ಮೆಟ್ಟಿಲಿನ ಅಂಚಿಗೆ ಬಡಿದು, ಕತ್ತು ಮುರಿದು, ಯಾರದೋ ಕುರ್ಚಿಯ ಕೆಳಗೆ ಉರುಳಿತು.

“ಮಿಂಚು ಆಯ್ತು, ಗುಡುಗೂ ನೀನೇ ಆಗ್ಬಿಟ್ಯಲ್ಲೋ!” ಎಂದು ಮುದುಕರೊಬ್ಬರು ಕೂಗಿದರು. ಸಭೆ ನಕ್ಕಿತು. ಮಿಂಚಣ್ಣನೂ ನಗುತ್ತ ನೆಲ ತಡವಿದ. ಫ್ಲ್ಯಾಶು ಕೈಗೆ ಸಿಗಲಿಲ್ಲ. ಯಾರೋ ಹೆಂಗಸು ಅದನ್ನು ಎತ್ತಿ ಅವನ ಅಂಗೈಯಲ್ಲಿಟ್ಟು, “ಇಲ್ಲೇ ಕಾಲಡಿ ಇತ್ತಲ್ಲಪ್ಪ” ಎಂದಳು.

ಕಾಲಡಿಯದು ಅವನಿಗೆ ಕಾಣುತ್ತಿರಲಿಲ್ಲ. ಆ ಸಂಗತಿ ಗೊತ್ತಿದ್ದದ್ದು ಅವನಿಗೆ ಮತ್ತು ಒಬ್ಬ ಕಣ್ಣಿನ ಡಾಕ್ಟರಿಗೆ ಮಾತ್ರ. ಎರಡು ವರ್ಷದ ಹಿಂದೆ, ಚಾಳೀಸು ಬಂದಿರಬೇಕೆಂದು ಕನ್ನಡಕ ಕೇಳಲು ಹೋದವನನ್ನು ಡಾಕ್ಟರು ಕತ್ತಲೆ ಕೋಣೆಯಲ್ಲಿ ಕೂರಿಸಿ ಅರ್ಧ ದಿನ ಪರೀಕ್ಷೆ ಮಾಡಿದ್ದರು. ಕೊನೆಗೆ, “ನಿಮ್ಮ ತಾಯಿ ಕಡೆ ಯಾರಿಗಾದ್ರೂ ಇರುಳುಗುರುಡು ಇತ್ತಾ?” ಎಂದು ಕೇಳಿದರು. ಸೋದರಮಾವನಿಗಿತ್ತು. ನಲವತ್ತಕ್ಕೆ ಸಂಜೆ ಹೊತ್ತು ಗೋಡೆ ಸವರಿಕೊಂಡು ನಡೆಯುತ್ತಿದ್ದ ಮಾವ ಐವತ್ತಾಗುವಷ್ಟರಲ್ಲಿ ಹಗಲಲ್ಲೂ ಸವರಿಕೊಂಡೇ ನಡೆದಿದ್ದ. “ಔಷಧ?” ಎಂದು ಮಿಂಚಣ್ಣ ಕೇಳಿದ. ಡಾಕ್ಟರು ಇಲ್ಲವೆಂದು ತಲೆಯಾಡಿಸಿ, ವರ್ಷಕ್ಕೊಮ್ಮೆ ಬಂದು ತೋರಿಸಿಕೊಳ್ಳಿ ಎಂದರು. ಅವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಮನೆಗೆ ಬಂದು, ಕನ್ನಡಕ ಬೇಡವಂತೆ ಎಂದು ಹೇಳಿದ. ಅದು ಸುಳ್ಳಲ್ಲವಾದ್ದರಿಂದ ಹೇಳುವುದು ಸುಲಭವಾಗಿತ್ತು.

ಹಗಲಲ್ಲಿ ಅವನ ನೋಟ ಇನ್ನೂ ಚೆನ್ನಾಗಿತ್ತು. ಮಬ್ಬಾದ ಸಭಾಂಗಣಗಳಲ್ಲಿ ಅವನ ಕಣ್ಣಾಗಿದ್ದದ್ದು ಆ ಫ್ಲ್ಯಾಶು. ಅದರ ಹಣೆಯಲ್ಲಿ ಒಂದು ಕೆಂಪು ಗಾಜಿತ್ತು. ಕ್ಯಾಮೆರಾದ ಗುಂಡಿಯನ್ನು ಅರ್ಧ ಒತ್ತಿದರೆ ಆ ಗಾಜಿನ ಹಿಂದಿನಿಂದ ಕೆಂಪು ಗೆರೆಗಳ ಬೆಳಕು ಹೊರಟು ಎದುರಿನವರ ಎದೆಯ ಮೇಲೋ ಮುಖದ ಮೇಲೋ ಬೀಳುತ್ತಿತ್ತು. ಆ ಗೆರೆಗಳನ್ನು ಹಿಡಿದು ಕ್ಯಾಮೆರಾ ತಾನಾಗಿಯೇ ಫೋಕಸ್ ಮಾಡಿಕೊಂಡು ಪೀಕ್ ಎನ್ನುತ್ತಿತ್ತು. ಪೀಕ್ ಎಂದಮೇಲೆ ಅವನು ಪೂರ್ತಿ ಒತ್ತುತ್ತಿದ್ದ. ಎದುರಿಗೆ ನಿಂತವರು ನಕ್ಕರೋ ಅತ್ತರೋ, ಎಷ್ಟೋ ಸಲ ಅವನಿಗೆ ಮರುದಿನ ಹೆಂಡತಿಯ ಕಂಪ್ಯೂಟರಿನಲ್ಲಿ ನೋಡಿಯೇ ಗೊತ್ತಾಗುತ್ತಿತ್ತು.

ಸೋಮವಾರ ಬೆಳಿಗ್ಗೆ ಅಂಗಡಿಯ ಬಾಗಿಲನ್ನೂ ತೆಗೆಯದೆ ಅವನು ರಿಪೇರಿಯವನ ಹತ್ತಿರ ಓಡಿದ. ರಿಪೇರಿಯವನು ಶಾಲೆಯ ಕಾಲದ ಗೆಳೆಯ. ಮೂಗಿನ ಮೇಲೆ ಭೂತಗನ್ನಡಿ ಇಟ್ಟುಕೊಂಡು ಫ್ಲ್ಯಾಶನ್ನು ಬಿಚ್ಚಿದ, ಊದಿದ, ಮತ್ತೆ ನೋಡಿದ.

“ಕೊಳವೆ ಒಡೆದಿದೆ. ಒಳಗಿನ ಬೋರ್ಡೂ ಸೀಳಿದೆ. ಇದರ ಸಾಮಾನು ಕಂಪನಿಯವರೇ ನಿಲ್ಲಿಸಿ ಎಷ್ಟು ವರ್ಷ ಆಯ್ತು. ಇದರ ಆಸೆ ಬಿಟ್ಬಿಡು ಕಣೋ.”

“ಬೆಳಕು ಹೋದ್ರೆ ಹೋಗ್ಲಿ. ಆ ಕೆಂಪು ದೀಪ ಒಂದಾದ್ರೂ ಉರಿಯೋ ಹಾಗೆ ಮಾಡಕ್ಕಾಗಲ್ವಾ?”

“ತಲೆ ಹೋದ್ಮೇಲೆ ಮೀಸೆಗೆ ಎಣ್ಣೆ ಹಚ್ಚು ಅಂತೀಯಲ್ಲ!” ಎಂದು ರಿಪೇರಿಯವನು ನಕ್ಕ. ಗೆಳೆಯನ ಮುಖ ನೋಡಿ ನಗು ನಿಲ್ಲಿಸಿದ. “ಯಾಕೋ? ಏನಾಯ್ತು?”

“ಏನಿಲ್ಲ. ಭಾನುವಾರ ಸಾಮಿಲ್ ಯಜಮಾನ್ರ ಮನೆ ಮದುವೆ ಇದೆ.”

ಮರ ಕೊಯ್ಯುವ ಸಾಮಿಲ್ಲಿನ ಯಜಮಾನರೆಂದರೆ ಅವನನ್ನು ಮೊದಲು ನಂಬಿದವರು. ಅವನು ಬಾಡಿಗೆ ಕ್ಯಾಮೆರಾ ಹಿಡಿದು ಅಲೆಯುತ್ತಿದ್ದಾಗ ಹಿರಿಮಗಳ ಮದುವೆಯನ್ನು ಅವನಿಗೆ ಒಪ್ಪಿಸಿದ್ದರು. ಆ ಆಲ್ಬಮ್ ನೋಡಿದವರಿಂದಲೇ ಅವನ ಬದುಕು ಕುದುರಿದ್ದು. ಈಗ ಕಿರಿಮಗಳ ಮದುವೆ, ಅದೂ ಅದೇ ನೆಲಮಾಳಿಗೆಯ ಸಭಾಂಗಣದಲ್ಲಿ.

ಅವನದೇ ಕ್ಯಾಮೆರಾದ ಕಂಪನಿ ಮಾಡುವ ಹೊಸ ಫ್ಲ್ಯಾಶಿನ ಬೆಲೆಯಲ್ಲಿ ಅವನ ಹಳೆಯ ಕ್ಯಾಮೆರಾದಂಥವು ಎರಡು ಬರುತ್ತಿದ್ದವು. ಅದರ ಮಾತೇ ಇರಲಿಲ್ಲ. ಬಾಡಿಗೆಗೋ ಎರವಿಗೋ ಸಿಕ್ಕೀತೆಂದು ಪರಿಚಯದ ಫೋಟೋದವರಿಗೆಲ್ಲ ಫೋನು ಮಾಡಿದ. ಮದುವೆಗಳ ಕಾಲ, ಆ ಭಾನುವಾರ ಎಲ್ಲರಿಗೂ ಕೆಲಸವಿತ್ತು. ವೃತ್ತಿ ಬಿಟ್ಟು ದಲ್ಲಾಳಿಯಾಗಿದ್ದ ಒಬ್ಬ ಮಾತ್ರ ತನ್ನ ಹಳೆಯದನ್ನು ಮಾರುತ್ತೇನೆಂದು ಕರೆದ. ಊರಿನ ಇನ್ನೊಂದು ತುದಿಗೆ ಎರಡು ಬಸ್ಸು ಬದಲಾಯಿಸಿ ಹೋದರೆ, ಸೆಲ್ಲು ಹಾಕುವ ಗೂಡಿನಲ್ಲಿ ಹಸಿರು ಕಿಲುಬು ಕಟ್ಟಿತ್ತು. ಕಿಲುಬು ಕೆರೆದು ಸೆಲ್ಲು ಹಾಕಿದಾಗ ಕೆಂಪು ದೀಪ ಉರಿಯಿತು. ಮಿಂಚಣ್ಣನಿಗೆ ಹೋದ ಜೀವ ಬಂದಂತಾಯಿತು. ಹನ್ನೊಂದು ಸಲ ಉರಿಯಿತು. ಆಮೇಲೆ ಸುಟ್ಟ ವಾಸನೆ ಬಂತು.

“ಅಯ್ಯೋ, ನಿನ್ನೆ ತನಕ ಚೆನ್ನಾಗಿತ್ತು” ಎಂದ ದಲ್ಲಾಳಿ.

ಮಂಗಳವಾರ ಮಧ್ಯಾಹ್ನ ಅವನು ಕ್ಯಾಮೆರಾ ಸಾಮಾನಿನ ದೊಡ್ಡ ಅಂಗಡಿಗೆ ಹೋದ. ಗಲ್ಲಾದಲ್ಲಿದ್ದವಳು ಅಂಗಡಿಯ ಯಜಮಾನನ ತಂಗಿ, ಮಾತಿನಲ್ಲಿ ಅಣ್ಣನಿಗಿಂತ ಒಂದು ಕೈ ಮೇಲು. ಅಗ್ಗದ ಫ್ಲ್ಯಾಶುಗಳನ್ನು ಗಾಜಿನ ಮೇಲೆ ಸಾಲಾಗಿ ನಿಲ್ಲಿಸಿದಳು.

“ಇದರಲ್ಲಿ ಕೆಂಪು ದೀಪ ಇದೆಯಾ ಮೇಡಂ? ಫೋಕಸ್ಸಿಗೆ ಸಹಾಯ ಮಾಡುತ್ತಲ್ಲ, ಅದು?”

“ಇದರಲ್ಲಿಲ್ಲ. ಇದರಲ್ಲಿದೆ, ಆದ್ರೆ ಇದು ಬೇರೆ ಕಂಪನಿ ಕ್ಯಾಮೆರಾದ್ದು. ನಿಮ್ಮದರ ಮೇಲೆ ಕೂರುತ್ತೆ, ಮಾತು ಕೇಳಲ್ಲ. ನಿಮ್ಮ ಕ್ಯಾಮೆರಾಕ್ಕೆ ಸರಿಯಾದ್ದು, ಕಡಿಮೆ ಬೆಲೇದು, ಒಂದಿತ್ತು. ಖಾಲಿ ಆಗಿದೆ. ಹೇಳಿಟ್ರೆ ಮೂರು ವಾರಕ್ಕೆ ಬರುತ್ತೆ.”

“ನನಗೆ ಭಾನುವಾರಕ್ಕೆ ಬೇಕು.”

“ಹಾಗಾದ್ರೆ ಇದು ತಗೊಳ್ಳಿ.” ಅವಳು ಇನ್ನೊಂದನ್ನು ಎತ್ತಿಕೊಟ್ಟಳು. “ಎಲ್ಲ ಕೈಯಲ್ಲೇ ತಿರುಗಿಸಿ ಇಡಬೇಕು, ತಾನಾಗೇ ಏನೂ ಮಾಡಲ್ಲ. ಆದ್ರೆ ಬೆಳಕು ಮಾತ್ರ ಜೋರು. ನಿಮ್ಮಂಥ ಪಳಗಿದೋರಿಗೆ ಇದೇ ಸಾಕು.”

ಅದರ ಹಣೆಯಲ್ಲಿ ಅಗಲವಾದ ಕೆಂಪು ಗಾಜಿತ್ತು. ಮಿಂಚಣ್ಣನ ಕಣ್ಣು ಅಲ್ಲೇ ನೆಟ್ಟಿತು. “ಇದರಲ್ಲಿ ಕೆಂಪು ಇದೆಯಲ್ಲ?”

“ಇದೆ ಇದೆ” ಎಂದಳು ಅವಳು, ಆಗಲೇ ಇನ್ನೊಬ್ಬ ಗಿರಾಕಿಯ ಕಡೆ ತಿರುಗುತ್ತ. ಮತ್ತೆ ಇತ್ತ ನೋಡಿ, “ಅದೇನು ನೀವು ಬಂದಾಗಿನಿಂದ ಕೆಂಪು ದೀಪ ಕೆಂಪು ದೀಪ ಅಂತೀರಿ? ಕಣ್ಣಿಲ್ವಾ ನಿಮಗೆ? ಇರೋದ್ರಲ್ಲಿ ಹೊಂದ್ಕೋಬೇಕಪ್ಪ. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ.”

ಅವಳು ಆಡಿದ್ದು ಗಾದೆ. ಆದರೆ ಮಿಂಚಣ್ಣನಿಗೆ ಯಾರೋ ಕಪಾಳಕ್ಕೆ ಹೊಡೆದಂತಾಯಿತು. ಪರೀಕ್ಷಿಸಿ ನೋಡುತ್ತೇನೆ, ಒಳಗೆ ಕತ್ತಲೆ ಕೋಣೆ ಇದೆಯೇ ಎಂದು ಕೇಳಬೇಕಿತ್ತು. ಕೇಳಿದರೆ ತನ್ನ ಗುಟ್ಟು ಹೊರಬಿದ್ದೀತೆಂಬ ದಿಗಿಲಿನಲ್ಲಿ ಡಬ್ಬಿ ಕಟ್ಟಿಸಿಕೊಂಡು ಹೊರಬಿದ್ದ. ಸೀಲು ಒಡೆದರೆ ವಾಪಸ್ಸಿಲ್ಲ ಎಂದು ಅವಳು ಹಿಂದಿನಿಂದ ಕೂಗಿ ಹೇಳಿದಳು.

ಮನೆಗೆ ಬಂದವನು ಯಾರನ್ನೂ ಮಾತಾಡಿಸದೆ ಸಾಮಾನು ಕೋಣೆ ಹೊಕ್ಕು ಬಾಗಿಲು ಹಾಕಿಕೊಂಡ. ಹಳೆಯ ಪರದೆಗಳು, ಮುರಿದ ಸ್ಟ್ಯಾಂಡುಗಳು ತುಂಬಿದ ಆ ಕೋಣೆಗೆ ಬಾಗಿಲ ಸಂದಿಯಿಂದ ಬರುವಷ್ಟೇ ಬೆಳಕು. ಎದುರಿನ ಕುರ್ಚಿಯ ಮೇಲೆ ಟವೆಲು ಹಾಕಿ, ಗುಂಡಿಯನ್ನು ಅರ್ಧ ಒತ್ತಿದ. ಲೆನ್ಸು ಗುರ್ರೆಂದು ಮುಂದೆ ಹೋಯಿತು, ಹಿಂದೆ ಬಂತು, ಮತ್ತೆ ಮುಂದೆ ಹೋಯಿತು. ಪೀಕ್ ಎನ್ನಲಿಲ್ಲ. ಕೆಂಪು ಗಾಜು ಕಪ್ಪಗೇ ಇತ್ತು. ಸೆಲ್ಲು ಬದಲಾಯಿಸಿದ. ಜೊತೆಗಿದ್ದ ಸಣ್ಣ ಪುಸ್ತಕವನ್ನು ಹೊರಗೆ ತಂದು ಬಿಸಿಲಲ್ಲಿ ಹಿಡಿದು ಓದಿದ. ಆ ಗಾಜಿನ ಹಿಂದೆ ದೀಪವೇ ಇರಲಿಲ್ಲ. ಬೇರೆ ಫ್ಲ್ಯಾಶು ಬೆಳಗಿದಾಗ ಅದನ್ನು ಕಂಡು ತಾನೂ ಬೆಳಗಲೆಂದು ಒಂದು ಸಣ್ಣ ಕಣ್ಣು ಇಟ್ಟಿದ್ದರು, ಅಷ್ಟೆ. ಅಂಗಡಿಯವಳು ಸುಳ್ಳು ಹೇಳಿರಲಿಲ್ಲ. ಅವನು ಕೇಳಿದ್ದು ಕೆಂಪು ಇದೆಯಾ ಎಂದು, ಕೆಂಪು ಇತ್ತು.

ಬುಧವಾರ ಇಡೀ ದಿನ ಅವನು ಅದೇ ಕೋಣೆಯಲ್ಲಿ ಕಳೆದ. ಕೈಯಿಂದಲೇ ಲೆನ್ಸು ತಿರುಗಿಸುತ್ತ, ಅಂದಾಜಿನಲ್ಲಿ ನಿಲ್ಲಿಸುತ್ತ, ಟವೆಲಿನ ಫೋಟೋ ತೆಗೆದೇ ತೆಗೆದ. ನಡುವೆ ಒಮ್ಮೆ ಸಾಮಿಲ್ ಯಜಮಾನರಿಗೆ ಫೋನು ಮಾಡಿದ. ಜ್ವರ ಬಂದಿದೆ, ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳುವುದನ್ನು ಬಾಯಿಪಾಠ ಮಾಡಿಕೊಂಡಿದ್ದ. ಅತ್ತ ಕಡೆಯಿಂದ ಅವನ ಹಲೋಗೂ ಕಾಯದೆ ಅವರೇ ಶುರು ಮಾಡಿದರು: “ನೂರು ವರ್ಷ ಆಯಸ್ಸಪ್ಪ ನಿನಗೆ, ಈಗ ತಾನೇ ನಿನ್ನ ವಿಷಯಾನೇ ಮಾತಾಡ್ತಿದ್ವಿ. ಗಂಡಿನ ಕಡೆಯವರು ಅವರ ಫೋಟೋದವನನ್ನ ಕರೀತೀವಿ ಅಂದ್ರು. ನಾನು ಬೇಡವೇ ಬೇಡ, ನಮ್ಮ ಮಿಂಚಣ್ಣ ಇದಾನೆ ಅಂದೆ. ನಮ್ಮಮ್ಮಂಗೆ ಎಂಬತ್ತೆಂಟು. ಅವಳ ಮುಖ ಚೆನ್ನಾಗಿ ಹಿಡಿ. ಇದೇ ಕೊನೇ ಸಮಾರಂಭ ಅವಳಿಗೆ.”

“ಆಯ್ತು ಯಜಮಾನ್ರೆ” ಎಂದಿತು ಮಿಂಚಣ್ಣನ ಬಾಯಿ.

ಗುರುವಾರ ಮಧ್ಯಾಹ್ನ ಮಗಳು ಶಾಲೆಯಲ್ಲಿದ್ದಾಗ ಹೆಂಡತಿ ಕ್ಯಾಮೆರಾದ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದಳು. ಸಂಘದ ಸಮಾರಂಭದ ಫೋಟೋಗಳನ್ನು ಹುಡುಕುತ್ತಿದ್ದವಳಿಗೆ ಸಿಕ್ಕಿದ್ದು ಇನ್ನೂರಕ್ಕೂ ಹೆಚ್ಚು ಟವೆಲುಗಳು. ಒಂದಾದರೂ ಸ್ಫುಟವಾಗಿರಲಿಲ್ಲ. ಅವಳು ಎದ್ದು ಬಂದು ಸಾಮಾನು ಕೋಣೆಯ ಬಾಗಿಲು ತೆರೆದಳು. ಗಂಡ ನೆಲದ ಮೇಲೆ, ಗೋಡೆಗೊರಗಿ ಕುಳಿತಿದ್ದ. ಅವಳು ಒಳಗೆ ಬಂದು ಬಾಗಿಲು ಮುಚ್ಚಿ, ಸದ್ದಿಲ್ಲದೆ ಪಕ್ಕದ ಗೋಡೆಯತ್ತ ಸರಿದಳು. ಸ್ವಲ್ಪ ಹೊತ್ತಿಗೆ ಅವಳಿಗೆ ಕುರ್ಚಿ ಕಂಡಿತು, ಟವೆಲಿನ ಪಟ್ಟಿ ಕಂಡಿತು, ಗಂಡನ ಮುಖವೂ ಕಂಡಿತು. ಆ ಮುಖ ಅವಳಿದ್ದ ಕಡೆಗಿರಲಿಲ್ಲ. ಬಾಗಿಲಿನ ಕಡೆಗಿತ್ತು.

“ಎಷ್ಟು ಬೆರಳು ಎತ್ತಿದೀನಿ ಹೇಳಿ” ಎಂದಳು.

“ಇದೇನು ಮಕ್ಕಳಾಟ?”

“ಹೇಳ್ರೀ.”

ಅವನು ದನಿ ಬಂದ ಕಡೆ ಮುಖ ತಿರುಗಿಸಿ, “ಮೂರು” ಎಂದ.

ಅವಳು ಕೈಯನ್ನೇ ಎತ್ತಿರಲಿಲ್ಲ. ಸೆರಗನ್ನು ಬಾಯಿಗೊತ್ತಿಕೊಂಡು ನಿಂತಿದ್ದಳು.

ಆಮೇಲೆ ಎಲ್ಲ ಹೊರಬಂತು: ಡಾಕ್ಟರು, ಸೋದರಮಾವ, ಕೆಂಪು ದೀಪ, ಮೂರನೆಯ ಮೆಟ್ಟಿಲು. ಅವಳು ಅಳುತ್ತಾಳೆಂದುಕೊಂಡಿದ್ದ. ಅವಳು ಅಳಲಿಲ್ಲ.

“ಎರಡು ವರ್ಷ!” ಎಂದಳು. “ಎರಡು ವರ್ಷದಿಂದ ಸಂಜೆ ಟ್ಯೂಷನ್ನಿಂದ ಮಗೂನ ಸ್ಕೂಟರಲ್ಲಿ ಕರ್ಕೊಂಡು ಬರೋರು ಯಾರು? ದೊಡ್ಡ ರಸ್ತೆ ದಾಟಿಸಿಕೊಂಡು ಬರ್ತಿದ್ರಲ್ಲ, ಏನು ನೋಡ್ಕೊಂಡು ಬರ್ತಿದ್ರಿ?”

“ಮುಂದಿನ ಗಾಡಿ ಹಿಂದಿನ ಕೆಂಪು ದೀಪ...” ಎಂದು ಅವನು ಬಾಯಿ ಬಿಟ್ಟ. ತನ್ನ ಮಾತು ತನಗೇ ಕೇಳಿಸಿ ಬಾಯಿ ಮುಚ್ಚಿದ.

“ಫ್ಲ್ಯಾಶು ಮುರೀತು ಅಂತ ಊರೆಲ್ಲ ಅಲೆದ್ರಿ. ರಿಪೇರಿಯವನಿಗೆ ತೋರಿಸಿದ್ರಿ, ಅಂಗಡಿಯವಳಿಗೆ ತೋರಿಸಿದ್ರಿ. ಕಣ್ಣು ಹೋಗ್ತಿದೆ ಅಂತ ಹೇಳೋಕೆ ನಾನೊಬ್ಬಳು ಸಿಗಲಿಲ್ಲ, ಅಲ್ವಾ?”

ಮೊದಲ ದಿನ ಹೇಳಿದ್ದರೆ ಒಂದು ಮಾತಾಗಿ ಮುಗಿಯುತ್ತಿತ್ತು. ದಿನ ಕಳೆದಂತೆಲ್ಲ ಅದು ಗಂಟಲಲ್ಲಿ ಬೆಳೆದು ಬೆಳೆದು, ಉಗುಳಲೂ ಆಗದ ನುಂಗಲೂ ಆಗದ ತುತ್ತಾಗಿತ್ತು. ಅವಳು ಹೊರಗೆ ಹೋದಳು. ಸ್ಕೂಟರಿನ ಬೀಗದ ಕೈಯನ್ನು ಮೊಳೆಯಿಂದ ತೆಗೆದು ತನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ಆ ಸಂಜೆ ಮಗಳನ್ನು ಕರೆತರಲು ನಡೆದೇ ಹೋದಳು.

ಶುಕ್ರವಾರ ಬೆಳಿಗ್ಗೆ ಅವಳು ತಾನಾಗಿ ಬಂದು ಮಾತಾಡಿಸಿದಳು. ಕಣ್ಣು ಊದಿಕೊಂಡಿದ್ದವು. “ಈಗ ಒಪ್ಪಿಕೊಂಡಾಗಿದೆ. ನಾಡಿದ್ದು ಮದುವೆ. ಈಗ ಇಲ್ಲ ಅಂದ್ರೆ ಅವರಿಗೆ ಯಾರೂ ಸಿಗಲ್ಲ. ಕೆಂಪು ದೀಪ ಇಲ್ಲದ ಕಾಲದಲ್ಲಿ ನೀವೆಲ್ಲ ಹೇಗೆ ತೆಗೀತಿದ್ರಿ?”

“ದೂರ ಅಳೆದು. ಅಂದಾಜಿನ ಮೇಲೆ.”

“ಹಾಗೇ ತೆಗೀರಿ. ದೂರ ನಾನು ನೋಡ್ತೀನಿ.”

ಅಗ್ಗದ ಫ್ಲ್ಯಾಶಿಗೆ ಆ ಒಂದು ಗುಣವಿತ್ತು, ಬೆಳಕು ಜೋರು. ಬೆಳಕು ಜೋರಿದ್ದರೆ ಲೆನ್ಸಿನ ಬಾಯಿಯನ್ನು ಕಿರಿದು ಮಾಡಬಹುದು. ಬಾಯಿ ಕಿರಿದಾದರೆ ಆರು ಅಡಿಯಿಂದ ಹತ್ತು ಅಡಿಯೊಳಗೆ ನಿಂತವರೆಲ್ಲ ಸ್ಫುಟವಾಗಿ ಬರುತ್ತಾರೆ. ಅವನು ಲೆನ್ಸನ್ನು ಎಂಟು ಅಡಿಗೆ ನಿಲ್ಲಿಸಿ, ಅಲುಗಾಡದಂತೆ ಅಂಟುಪಟ್ಟಿ ಸುತ್ತಿದ. ಫ್ಲ್ಯಾಶನ್ನು ಪೂರ್ತಿ ಶಕ್ತಿಗೆ ತಿರುಗಿಸಿದ. ಹಾಗೆ ಇಟ್ಟರೆ ಒಂದು ಫೋಟೋ ಆದಮೇಲೆ ಅದು ಮತ್ತೆ ಬೆಳಗಲು ನಾಲ್ಕೈದು ಎಣಿಸುವಷ್ಟು ಕಾಯಬೇಕಿತ್ತು. ಎರಡು ದಿನ ಗಂಡ ಹೆಂಡತಿ ಓಣಿಯಲ್ಲೂ ಕೋಣೆಯಲ್ಲೂ ಹೆಜ್ಜೆ ಹಾಕಿ ಕಲಿತರು. ಅವಳ ಮಾತೆಲ್ಲ ಎರಡೇ ಶಬ್ದ: “ಮುಂದೆ”, “ಸಾಕು”.

ಭಾನುವಾರ ಅವಳು ಅವನ ಬೆನ್ನ ಹಿಂದೆ, ಅಂಗಿಯ ತುದಿ ಹಿಡಿದು ನಿಂತಳು. “ಏನು ಮಿಂಚಣ್ಣ, ಬಾಡಿಗಾರ್ಡ್ ಇಟ್ಕೊಂಡಿದೀಯ?” ಎಂದು ಗುರುತಿನವರು ಗೇಲಿ ಮಾಡಿದರು. ವೇದಿಕೆಯ ಮೇಲೆ ಸಾಲಾಗಿ ಬಂದು ನಿಲ್ಲುವವರ ಫೋಟೋ ತೊಂದರೆಯಿಲ್ಲದೆ ಆಯಿತು. ಅವರು ನಿಲ್ಲುತ್ತಿದ್ದರು, ಅವಳು ಅಂಗಿ ಎಳೆಯುತ್ತಿದ್ದಳು, ಅವನು ಒತ್ತುತ್ತಿದ್ದ. ಹಾಡು ಕುಣಿತಕ್ಕೆಂದು ದೀಪ ತಗ್ಗಿಸಿ ಎಲ್ಲರೂ ವೇದಿಕೆಯಿಂದ ಇಳಿದಮೇಲೆ ಕಷ್ಟ ಶುರುವಾಯಿತು. ಜನ ಎಂಟು ಅಡಿಗೆ ಕಾಯುವುದಿಲ್ಲ. ಅಪ್ಪಿಕೊಳ್ಳುತ್ತಾರೆ, ಓಡುತ್ತಾರೆ, ಅಡ್ಡ ಬರುತ್ತಾರೆ. ಅವನ ಮುಂದೆ ಕಪ್ಪು ನೀರಿನಂಥದ್ದು ಅಲುಗುತ್ತಿತ್ತು. ಅದರಲ್ಲಿ ಅಲ್ಲಲ್ಲಿ ಒಂದು ಬಿಳಿ ಅಂಗಿ, ಒಂದು ಒಡವೆಯ ಹೊಳಪು. ಸಭಾಂಗಣದ ಆ ಕಡೆಯಿಂದ ದೊಡ್ಡ ನಗು ಎದ್ದಿತು. “ಅಜ್ಜಿ, ಅಜ್ಜಿ ನೋಡಿ!” ಎಂದು ಹೆಂಡತಿ ಅವನನ್ನು ತಿರುಗಿಸಿದಳು. ಅವನು ಒತ್ತಿದ. ಫ್ಲ್ಯಾಶು ಇನ್ನೂ ತುಂಬಿಕೊಂಡಿರಲಿಲ್ಲ. ಕತ್ತಲೆಯಲ್ಲಿ ಕ್ಯಾಮೆರಾ ಬರೀ ಕ್ಲಿಕ್ ಎಂದಿತು. ಎರಡನೆಯ ಸಲ ಬೆಳಕು ಬರುವಷ್ಟರಲ್ಲಿ ನಗು ಮುಗಿದಿತ್ತು.

ಹದಿನೈದು ದಿನದ ಮೇಲೆ ಸಾಮಿಲ್ ಯಜಮಾನರು ಆಲ್ಬಮ್ ನೋಡಲು ಅಂಗಡಿಗೆ ಬಂದರು. ಹೆಂಡತಿ ತನಗೆ ತಿಳಿದ ವಿದ್ಯೆಯನ್ನೆಲ್ಲ ಅದರಲ್ಲಿ ಸುರಿದಿದ್ದಳು. ಅವರು ಒಂದೊಂದೇ ಪುಟ ತಿರುಗಿಸಿದರು. ಕೊನೆಯ ಪುಟವಾದಮೇಲೆ ಮತ್ತೆ ಮೊದಲಿನಿಂದ ತಿರುಗಿಸಿದರು.

“ಎಲ್ಲ ನಿಂತಿದಾರೆ” ಎಂದರು. “ಸಾಲಾಗಿ ನಿಂತಿದಾರೆ. ನಮ್ಮಮ್ಮ ಮೊಮ್ಮಗಳ ಜೊತೆ ಕುಣಿಯೋಕೆ ಎದ್ದು ನಿಂತು ನಕ್ಕಳಲ್ಲ, ಎಲ್ಲರೂ ಚಪ್ಪಾಳೆ ಹೊಡೆದ್ರು, ಅದೆಲ್ಲಿ?”

ಹೆಂಡತಿ ಏನೋ ಹೇಳಲು ಹೊರಟಳು. ಮಿಂಚಣ್ಣ ಅವಳನ್ನು ತಡೆದ.

“ಸಿಗಲಿಲ್ಲ ಯಜಮಾನ್ರೆ. ನನಗೆ ಕತ್ತಲಲ್ಲಿ ಕಣ್ಣು ಕಾಣಿಸಲ್ಲ. ಎರಡು ವರ್ಷ ಆಯ್ತು.”

ಯಜಮಾನರು ಆಲ್ಬಮ್ಮನ್ನು ಮುಚ್ಚಿದರು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. “ಮೊದಲೇ ಹೇಳಿದ್ರೆ ಜೊತೆಗೆ ಇನ್ನೊಬ್ಬನನ್ನ ಹಾಕ್ತಿದ್ದೆ. ನಿನ್ನ ಕೆಲಸ ಕಿತ್ಕೊಳ್ತಿದ್ನಾ?” ಎಂದರು. ಮಾತಾಡಿದಷ್ಟು ಹಣ ಕೊಟ್ಟು, ಆಲ್ಬಮ್ಮನ್ನು ಕಂಕುಳಲ್ಲಿಟ್ಟುಕೊಂಡು ಹೋದರು. ಮತ್ತೆ ಬರಲಿಲ್ಲ. ಅವರು ಯಾರಿಗೂ ಕೆಟ್ಟದ್ದು ಹೇಳಿರಲಾರರು. ಆದರೆ ಮಾತಿಗೆ ಕಾಲು ಬರಲು ಎಷ್ಟು ಹೊತ್ತು? ಆ ವರ್ಷ ಅವನನ್ನು ಗೊತ್ತುಮಾಡಿಕೊಂಡಿದ್ದ ಇನ್ನೆರಡು ಮದುವೆಗಳವರು ಮನೆಯಲ್ಲೇ ಯಾರೋ ತೆಗೆಯುತ್ತಾರಂತೆ ಎಂದು ಹೇಳಿ ಕಳಿಸಿದರು.

ಅವಳು ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಎರಡು ವರ್ಷದಲ್ಲಿ ನೋಟದ ಸುತ್ತಳತೆ ಇನ್ನಷ್ಟು ಕುಗ್ಗಿತ್ತು. ಎಷ್ಟು ದಿನ ಎಂದು ಅವಳೇ ಕೇಳಿದಳು. ಹೇಳಲಾಗದು ಎಂದರು ಡಾಕ್ಟರು. ಬಸ್ಸಿನಲ್ಲಿ ಬರುವಾಗ ಅವಳು ಕಿಟಕಿಯ ಕಡೆ ಮುಖ ಮಾಡಿ, ಮೂರು ನಿಲ್ದಾಣ ಕಳೆದಮೇಲೆ, ಕ್ಯಾಮೆರಾವನ್ನು ತನಗೆ ಕಲಿಸಿಕೊಡಿ ಎಂದಳು.

ಈಗ ಅವನು ಹಗಲಲ್ಲಿ ಅಂಗಡಿಯಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಾನೆ. ಸ್ಕೂಟರು ಮಾರಿಹೋಗಿದೆ. ಸಣ್ಣಪುಟ್ಟ ಸಮಾರಂಭಗಳಿಗೆ ಅವಳೇ ಆ ಅಗ್ಗದ ಫ್ಲ್ಯಾಶು ಹಿಡಿದು ಹೋಗುತ್ತಾಳೆ. ತಿಂಗಳಿಗೆ ಒಂದು ಸಿಕ್ಕರೆ ಪುಣ್ಯ. ಪಾಠ ನಡೆಯುವುದು ಓಣಿಯಲ್ಲಿ, ಸಂಜೆ ಐದರ ಹೊತ್ತಿಗೆ. ಅವನು ಎದುರು ಮನೆಯ ಗೋಡೆಗೆ ಒಂದು ಕೈ ಊರಿಕೊಂಡು ನಿಲ್ಲುತ್ತಾನೆ. ಐದು ಗಂಟೆಗೇ ಗೋಡೆ ಬೇಕಾಗುತ್ತಿದೆ ಎಂಬುದನ್ನು ಇಬ್ಬರೂ ಆಡಿಕೊಳ್ಳುವುದಿಲ್ಲ.

“ಎಂಟು ಅಡಿ ಅಂದ್ರೆ ಎಷ್ಟು ಹೆಜ್ಜೆ?” ಎಂದು ಅವಳು ಕೇಳುತ್ತಾಳೆ.

“ಮೂರೂವರೆ.”

“ನಿಮ್ಮದಾ, ನಂದಾ?”

ಅವನು ಯೋಚಿಸುತ್ತಾನೆ. ಇಷ್ಟು ವರ್ಷ ಅವಳ ಹೆಜ್ಜೆಯ ಅಳತೆಯನ್ನು ನೋಡಿದವನಲ್ಲ. “ನಡೆದು ತೋರಿಸು, ಹೇಳ್ತೀನಿ” ಎನ್ನುತ್ತಾನೆ. ಅವಳು ನಡೆಯುತ್ತಾಳೆ. ಅವನು ಕತ್ತು ಮುಂದೆ ಚಾಚಿ ಅವಳ ಕಾಲನ್ನು ಹುಡುಕುತ್ತಾನೆ.